‘ಬಂತು’ ಎನ್ನದೆ ಹೋದ ಯಾನ್ ಮಾಸ್ತರ

ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವ ಪಿಂಗ್, ನಮ್ಮ ಯಾನ್ ಮಾಸ್ತರರ ಮಗಳೇ, ಅಳಿಯಂದಿರೇ, ಬಾಯ್‌ಷಿ ಪೇಟೆಯ ಹಿರಿಯರೇ, ಅಕ್ಕತಂಗಿಯರೇ, ಮಾಸ್ತರರ ಸೂಜಿಗೆ ಬೆನ್ನೊಡ್ಡಿ, ಮಂಡಿಯೊಡ್ಡಿ ಇವತ್ತು ನಿಮ್ಮ ಕಾಲ ಮೇಲೆ ನೀವೇ ನಡೆದುಕೊಂಡು ಬಂದಿರುವ ಎಲ್ಲರೇ — ನಿಮಗೆ ಈ ಪು ತಿಂಗ್‌ಫಾಂಗನ ನಮಸ್ಕಾರ. ಮೂಲೆಯ ಮೇಜಿನವರಿಗೂ ನಮಸ್ಕಾರ. ಸ್ವಲ್ಪ ಹೊತ್ತು ಆ ಮಾಜಾಂಗ್ ಬಿಲ್ಲೆಗಳನ್ನು ಮುಟ್ಟದೆ ಇರಿ. ಸತ್ತವರ ಮುಂದೆ ಆಟವಾಡುವುದು ನಮ್ಮ ಪದ್ಧತಿ, ಬೇಡ ಎನ್ನುವುದಿಲ್ಲ. ಆದರೆ ನನ್ನ ದನಿ ಸಣ್ಣದು, ನಿಮ್ಮ ಬಿಲ್ಲೆಗಳ ಸದ್ದು ದೊಡ್ಡದು.

ಹೊಗಳಿ ಮಾತಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಹೊಗಳುತ್ತೇನೆ. ಯಾನ್ ಹುವೈದೆ ಒಳ್ಳೆಯ ಮನುಷ್ಯ. ಒಳ್ಳೆಯ ಗೆಳೆಯ. ಅವರ ಕೈಯಂಥ ಕೈ ಈ ಕಣಿವೆಯಲ್ಲಿ ಇನ್ನೊಂದಿರಲಿಲ್ಲ. ಹುಡುಗನಾಗಿದ್ದಾಗಲೇ ಹಿಂದಿನ ಗುಡ್ಡದ ತಾವೋ ಮಠಕ್ಕೆ ಹೋಗಿ, ಕು ಎಂಬ ಮುದಿ ಸಂನ್ಯಾಸಿಯ ಕೈಕೆಳಗೆ ಸೂಜಿ ಚುಚ್ಚಿ ನೋವು ಕಳೆಯುವ ವಿದ್ಯೆ ಕಲಿತು ಇಳಿದು ಬಂದವರು. ಇಷ್ಟು ಹೊಗಳಿಕೆ ಆಯಿತಲ್ಲ? —

ಇನ್ನು ನನ್ನ ಹೊಟ್ಟೆಯಲ್ಲಿರುವುದನ್ನು ಹೇಳುತ್ತೇನೆ. ನನಗೆ ಸಿಟ್ಟು ಬಂದಿದೆ. ಈ ಪಟದಲ್ಲಿ ನಗುತ್ತಾ ಕುಳಿತಿರುವ ಮುದುಕನ ಮೇಲೆ ನನಗೆ ತಡೆಯಲಾರದ ಸಿಟ್ಟು ಬಂದಿದೆ. ಪಿಂಗ್, ನೀನು ಬೇಜಾರು ಮಾಡಿಕೊಳ್ಳಬೇಡ ಮಗಳೇ. ನಿನ್ನ ಅಪ್ಪ ಬದುಕಿದ್ದಾಗಲೂ ನಾನು ಇದನ್ನೇ ಹೇಳುತ್ತಿದ್ದೆ. ಆಗ ಅವರು ಉತ್ತರ ಕೊಡುತ್ತಿರಲಿಲ್ಲ. ಈಗಲೂ ಕೊಡುವುದಿಲ್ಲ. ವ್ಯತ್ಯಾಸವೇನೂ ಇಲ್ಲ.

ನಿಮಗೆಲ್ಲ ಗೊತ್ತು, ನಮ್ಮಿಬ್ಬರದು ಒಂದೇ ಬಾಗಿಲು. ಒಳಗೆ ಬಂದರೆ ಬಲಕ್ಕೆ ನನ್ನ ಬೇರು-ತೊಗಟೆಗಳ ಕಟ್ಟೆ, ಎಡಕ್ಕೆ ಅವರ ಸೂಜಿಯ ಮೇಜು, ನಡುವೆ ಒಂದು ಬಿದಿರಿನ ಪರದೆ. ಆ ಪರದೆಯ ಈಚೆ ನನ್ನ ತಲೆಗೂದಲು ಬೆಳ್ಳಗಾಯಿತು. ಒಂದು ದಿನವೂ ನಾನು ಆಚೆ ಹೋಗಿ ಮಲಗಿದವನಲ್ಲ. ನಗಬೇಡಿ. ಸೂಜಿ ಕಂಡರೆ ನನಗೆ ಹೆದರಿಕೆ, ಅದು ಈ ಪೇಟೆಯ ಕೋಳಿಗಳಿಗೂ ಗೊತ್ತಿರುವ ವಿಷಯ. ಯಾನ್ ಪರದೆಯಾಚೆಯಿಂದ ಕೂಗುತ್ತಿದ್ದರು:

“ಪು! ನಿನ್ ಸೊಂಟನೋವು ನಿನ್ ಕಷಾಯಕ್ಕೆ ಬಗ್ಗಲ್ಲ ಕಣೋ. ಬಾ ಈ ಕಡೆ.”

“ನಿನ್ ನಿದ್ದೆ ನಿನ್ ಸೂಜಿಗೆ ಬಗ್ತಾ?” ಎಂದು ನಾನು.

ಆಗ ಆ ಕಡೆ ಮುಂದಿನ ರೋಗಿಯನ್ನು ಕರೆಯುವ ದನಿ ಕೇಳಿಸುತ್ತಿತ್ತು.

ಯಾಕೆಂದರೆ ಯಾನ್‌ಗೆ ನಿದ್ದೆ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನಿದ್ದೆ ಅವರ ಮನೆಗೆ ಬರುವುದನ್ನೇ ಬಿಟ್ಟಿತು. ತಮ್ಮ ಕೈಯಿಂದ ತಾವೇ ಚುಚ್ಚಿಕೊಂಡು ನೋಡಿದರು, ಆಗಲಿಲ್ಲ. ನಾನು ಬಿಟ್ಟೆನೇ? ಹುಳಿ ಬೋರೆಯ ಬೀಜ ಹುರಿದು, ಕುಟ್ಟಿ, ಕುದಿಸಿ ಬಟ್ಟಲು ಬಟ್ಟಲು ಕುಡಿಸಿದೆ. ಮೂಟೆಗಟ್ಟಲೆ ಬೀಜ ಆ ಹೊಟ್ಟೆಗೆ ಹೋಗಿದೆ. ಕುಡಿದು, ಬಾಯಿ ಒರೆಸಿಕೊಂಡು, “ಚೆನ್ನಾಗಿದೆ” ಎಂದು, ಸಂತೆಯ ಬುಟ್ಟಿಯ ಮೀನಿನ ಹಾಗೆ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದರು. ನನ್ನ ಕಸುಬಿಗೆ ಅದಕ್ಕಿಂತ ದೊಡ್ಡ ಅವಮಾನ ಯಾವುದೂ ಆಗಿಲ್ಲ. ಈ ಬೋರೆ ಬೀಜವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಷಿಯಾವ್‌ಮಾನ್ ವಿಷಯ. — ತಲೆ ತಗ್ಗಿಸಬೇಡ ಹುಡುಗಿ. ಕಂಬದ ಹಿಂದೆ ಹೋಗಿ ಕುಳಿತರೆ ನನಗೆ ಕಾಣುವುದಿಲ್ಲ ಅಂದುಕೊಂಡೆಯಾ?

ಕುವಾಂಗ್ ಷಿಯಾವ್‌ಮಾನ್ ಹೊಳೆಯ ಮೇಲುಗಡೆಯ ಹಳ್ಳಿಯವಳು. ಬಾಯಿ ಸೊಟ್ಟಗಾದ ಅಜ್ಜಿಯನ್ನು ಕರೆದುಕೊಂಡು ಬಂದಳು. ಅಜ್ಜಿಯ ಬಾಯಿ ನೆಟ್ಟಗಾಯಿತು, ಅಜ್ಜಿ ಊರಿಗೆ ಹೋದಳು, ಇವಳು ಹೋಗಲಿಲ್ಲ. “ನಂಗೂ ಕಲಿಸಿ” ಎಂದಳು.

“ನಿಲ್ಲೋಕೆ ಬರುತ್ತಾ?” ಎಂದರು ಯಾನ್.

“ಯಾರಿಗ್ ಬರಲ್ಲ?”

“ಹಾಗಾದ್ರೆ ಅಂಗಳದಲ್ಲಿ ನಿಲ್ಲು.”

ನಿಂತಳು. ಮಠದವರು ನಿಲ್ಲುವ ಹಾಗೆ: ಮಂಡಿ ಸಡಿಲ, ನಾಲಗೆ ಅಂಗುಳಕ್ಕೆ, ಎರಡು ಕೈ ಎದೆಯ ಮುಂದೆ ದೊಡ್ಡ ಜಾಡಿಯೊಂದನ್ನು ತಬ್ಬಿದ ಹಾಗೆ ದುಂಡಗೆ. ಮೊದಲು ಒಂದು ಗಳಿಗೆ, ಆಮೇಲೆ ಒಂದು ಬೆಳಗು. ಅಂಗಳದ ಲೋಕಾಟ್ ಮರ ಹೂ ಬಿಟ್ಟು ಕಾಯಿಯಾಗಿ ಹಣ್ಣಾಗುವವರೆಗೂ ಈ ಹುಡುಗಿ ಸೂಜಿ ಮುಟ್ಟಲಿಲ್ಲ, ಬರೀ ನಿಂತಳು. ಸಂತೆಗೆ ಹೋಗುವ ಹೆಂಗಸರು ಬೇಲಿಯಾಚೆಯಿಂದ ಕಿಚಾಯಿಸುತ್ತಿದ್ದರು: “ಏನೇ, ಯಾರನ್ನೇ ತಬ್ಕೊಂಡ್ ನಿಂತಿದೀಯ?” ಇವಳು ಕಣ್ಣೂ ತೆರೆಯದೆ ಹೇಳುತ್ತಿದ್ದಳು: “ಮಾಸ್ತರ್‍ರ ಖಾಲಿ ಜಾಡೀನ! ನಿಮ್ ಗಂಡನ್ನಲ್ಲ, ಹೋಗಿ!”

ಆಮೇಲೆ ಸೇಬು. ನೀರಿನ ಬೋಗುಣಿಯಲ್ಲಿ ಒಂದು ಸೇಬು ತೇಲಿಬಿಡುವುದು. ಸೂಜಿ ಅದರೊಳಗೆ ಇಳಿಯಬೇಕು, ಆದರೆ ಸೇಬು ಅಲುಗಬಾರದು, ನೀರು ನಡುಗಬಾರದು. ಅಲುಗಿದರೆ ತಪ್ಪು. ತಪ್ಪಾದ ಸೇಬುಗಳನ್ನೆಲ್ಲ ನಾನೂ ಯಾನೂ ಕುಳಿತು ತಿಂದೆವು. ಒಂದು ಚಳಿಗಾಲ ಪೂರ್ತಿ. ಆಮೇಲೆ ಒಂದು ದಿನ ತಿನ್ನಲು ಸೇಬು ಬರಲಿಲ್ಲ. ಯಾನ್ ಎದ್ದು ಹೋಗಿ ಬೋಗುಣಿಯನ್ನು ನೋಡಿ ಬಂದರು. ಸೇಬು ತುಂಬ ಸೂಜಿ, ನೀರು ಕನ್ನಡಿಯ ಹಾಗಿದೆ.

“ಹೇಗಿದೆ ಮಾಸ್ತರೇ?” ಎಂದು ಹುಡುಗಿ.

“ಸೇಬು ಮಾತಾಡಲ್ಲ,” ಎಂದರು. ಅಷ್ಟೇ. ಹೇಳಿ, ಈ ಮನುಷ್ಯನ ಜೊತೆ ಬದುಕುವುದು ಹೇಗೆ?

ಇವಳಿಗಿಂತ ಮೊದಲು ಬಂದವರೂ ಇದ್ದರು. ಒಬ್ಬ ಈಗ ಲಾರಿ ಓಡಿಸುತ್ತಾನೆ. ಇನ್ನೊಬ್ಬ ಚೆಂಗ್ದು ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಎಲ್ಲರಿಗೂ ಒಂದೇ ಮಾತು: “ಇನ್ನೂ ಇಲ್ಲ.” ನಾನು ಪರದೆಯ ಮೇಲೆ ತಲೆ ಹಾಕಿ ಕೂಗುತ್ತಿದ್ದೆ: “ಅಯ್ಯಾ ಪುಣ್ಯಾತ್ಮ! ನೀನು ಹೋದ್ಮೇಲೆ ಈ ಮೇಜಿಗೆ ಯಾರು?” ಅವರು ಸೂಜಿ ಒರೆಸುತ್ತಾ, “ಅದಕ್ಕಿನ್ನೂ ಟೈಮಿದೆ” ಎನ್ನುತ್ತಿದ್ದರು.

ಟೈಮಿತ್ತಂತೆ! —

ಕ್ಷಮಿಸಿ. ನೀರು ಕೊಡಿ ಯಾರಾದರೂ. ಹ್ಞಾಂ, ಚಹಾನೇ ಸಾಕು.

ಷಿಯಾವ್‌ಮಾನ್ ಹೋಗಿ ಸರ್ಕಾರದ ಪರೀಕ್ಷೆ ಬರೆದಳು, ಪಾಸಾದಳು. ಸರ್ಕಾರ ಒಪ್ಪಿತು. ಆದರೆ ಕು ಸಂನ್ಯಾಸಿಯ ಪದ್ಧತಿ ಬೇರೆ. ದೂರದಿಂದ ಬಂದಿರುವ ನೆಂಟರಿಗಾಗಿ ಹೇಳುತ್ತೇನೆ, ಉಳಿದವರು ಸೂರ್ಯಕಾಂತಿ ಬೀಜ ತಿನ್ನುತ್ತಿರಿ. ಆ ಪದ್ಧತಿಯಲ್ಲಿ ಗುರುವೇ ಶಿಷ್ಯನ ಮುಂದೆ ರೋಗಿಯಾಗಿ ಮಲಗುತ್ತಾನೆ. ನನಗೆ ಏನಾಗಿದೆ ಎಂದು ಹೇಳುವುದಿಲ್ಲ. ಶಿಷ್ಯ ನಾಡಿ ಹಿಡಿದು, ಮುಖ ನೋಡಿ, ತಾನೇ ಜಾಗ ಹುಡುಕಿ ಒಂದೇ ಒಂದು ಸೂಜಿ ಇಳಿಸಬೇಕು. ಜಾಗ ಸರಿಯಿದ್ದರೆ ಒಳಗಿನ ಉಸಿರು ಅಲ್ಲಿಗೆ ಓಡಿ ಬರುತ್ತದೆ. ಜುಮ್ಮೆನ್ನುತ್ತದೆ, ಭಾರವಾಗುತ್ತದೆ, ಒಳಗೊಳಗೆ ಹಿಂಡುತ್ತದೆ. ಆಗ ಗುರು “ಬಂತು” ಎನ್ನಬೇಕು. ಆ ಒಂದು ಮಾತು. ಹಾಗೆಂದ ಮೇಲೆ ಗುರು ಎದ್ದು ತನ್ನ ಕೈಯಾರೆ ಶಿಷ್ಯನಿಗೆ ಚಹಾ ಬಗ್ಗಿಸುತ್ತಾನೆ. ಅಲ್ಲಿಯವರೆಗೆ ಶಿಷ್ಯ ಬಗ್ಗಿಸಿದ್ದು, ಅವತ್ತು ಗುರು ಬಗ್ಗಿಸುವುದು. ಆ ಬಟ್ಟಲು ಕುಡಿದ ಮೇಲೆ ಶಿಷ್ಯ ಮೇಜಿಗೆ ಕೂರಬಹುದು. ಕುಡಿಯದವನು ಊರಿನ ಯಾರ ಮೈಯನ್ನೂ ಮುಟ್ಟುವ ಹಾಗಿಲ್ಲ.

ಈ ಸಲದ ಛಿಂಗ್‌ಮಿಂಗ್ ಹಬ್ಬಕ್ಕೆ ಹಿರಿಯರ ಗೋರಿ ಗುಡಿಸಿ ಬಂದ ಮಾರನೆಯ ಮಧ್ಯಾಹ್ನ ಯಾನ್ ಮಲಗಿದರು. ನಾನು ಪರದೆಯ ಈಚೆ ತಕ್ಕಡಿ ಹಿಡಿದು ಕುಳಿತಿದ್ದೆ. ತೂಗುತ್ತಿರಲಿಲ್ಲ, ಕಿವಿ ಪೂರ್ತಿ ಆ ಕಡೆ.

ಹುಡುಗಿ ನಾಡಿ ಹಿಡಿದಳು. ಬಹಳ ಹೊತ್ತು. ಸೊಂಟಕ್ಕೆ ಹೋಗಲಿಲ್ಲ, ಮಂಡಿಗೆ ಹೋಗಲಿಲ್ಲ. ಮಣಿಕಟ್ಟಿನ ಮಡಿಕೆಯಲ್ಲಿ, ಕಿರುಬೆರಳಿನ ಕಡೆಗೆ — ಇಲ್ಲಿ, ನೋಡಿ, ಇಲ್ಲಿ — ಒಂದು ಸೂಜಿ ಇಳಿಸಿದಳು. ಮನಸ್ಸಿಗೆ ಬಾಗಿಲು ಇರುವುದು ಅಲ್ಲಿ ಎನ್ನುತ್ತಾರೆ ನಮ್ಮವರು. ನಾನು ಕಾದೆ. “ಬಂತು” ಕೇಳಿಸಲಿಲ್ಲ. ಕಾದೆ. ಏನೂ ಇಲ್ಲ. ಅಯ್ಯೋ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ —

ಗೊರಕೆ!

ಗೊರಕೆ ಎಂದರೆ ಎಂಥ ಗೊರಕೆ! ನನ್ನ ತಕ್ಕಡಿಯ ತಟ್ಟೆ ನಡುಗಿತು. ಪರದೆ ಸರಿಸಿ ನೋಡುತ್ತೇನೆ, ವರ್ಷಗಟ್ಟಲೆ ಮೀನಿನ ಹಾಗೆ ಕಣ್ಣು ಬಿಟ್ಟುಕೊಂಡಿದ್ದ ಮನುಷ್ಯ ಬಾಯಿ ತೆರೆದು ಮಲಗಿದ್ದಾರೆ. ಹುಡುಗಿ ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟಳು. ನಾನು ಬಾಗಿಲಿಗೆ ಹೋಗಿ ಬಂದ ರೋಗಿಗಳನ್ನೆಲ್ಲ ವಾಪಸ್ಸು ಕಳಿಸಿದೆ. ನಿಮ್ಮಲ್ಲಿ ಕೆಲವರು ಬೈದುಕೊಂಡು ಹೋದಿರಿ, ನೆನಪಿದೆಯೇ? ಅವತ್ತು ಕಾರಣ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಹೊತ್ತು ಇಳಿದ ಮೇಲೆ ಸೋಯಾ ಗಿಣ್ಣು ಮಾರುವ ನಮ್ಮ ಟಾಂಗ್ ಅಕ್ಕ ಬೀದಿಯಲ್ಲಿ “ತೋಫೂ! ಮೆತ್ತನೆ ತೋಫೂ!” ಎಂದು ಗಂಟಲು ಹರಿದುಕೊಂಡಾಗಲೇ ಆ ಮನುಷ್ಯನಿಗೆ ಎಚ್ಚರವಾಗಿದ್ದು. ಎದ್ದು ಕುಳಿತರು. ಕೆನ್ನೆಯ ಮೇಲೆ ಚಾಪೆಯ ಗೆರೆ. ನಾನೇ ಓಡಿಹೋಗಿ ಕೆಟಲು ತಂದೆ. “ಹೇಳು ಮಾರಾಯ! ಬಂತು ಅನ್ನು!”

ಯಾನ್ ಸೂಜಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಎಂದರು:

“ನಾನು ನಿದ್ದೆ ಹೋಗಿದ್ದೆ. ಬಂತೋ ಇಲ್ವೋ ನಂಗೇನ್ ಗೊತ್ತು?”

ನೀವು ನಗುತ್ತೀರಿ. ನಾನು ಅವತ್ತು ಆ ಕೆಟಲಿನ ನೀರನ್ನು ಅವರ ತಲೆಯ ಮೇಲೆ ಸುರಿಯುವುದರಲ್ಲಿದ್ದೆ.

“ಲೇ ಯಾನ್! ನಿದ್ದೆ ಬಂತಲ್ಲೋ!”

“ನಿದ್ದೆ ಬಂದಿದ್ದು ಬೇರೆ, ಉಸಿರು ಬಂದಿದ್ದು ಬೇರೆ. ನಾನು ಮೈಯಲ್ಲಿ ಕಾಣದ್ದನ್ನ ಬಾಯಲ್ಲಿ ಹೇಳಲ್ಲ. ಕು ಗುರುಗಳು ಹಾಗೆ ಕಲಿಸಿಲ್ಲ.”

ಇದು ನಿಯಮವಂತೆ. ನಾನು ಕೇಳುತ್ತೇನೆ, ಲೋಕದಲ್ಲಿ ಬೇರೆ ಯಾರಾದರೂ ಇಂಥ ತಪ್ಪು ಮಾಡುತ್ತಾರೆಯೇ? ಹಸಿದವನು ಅಡುಗೆಯವನ ಕೈಯೂಟ ಉಂಡು, ಹೊಟ್ಟೆ ತುಂಬಿ ತೇಗಿದ ಮೇಲೆ, “ರುಚಿ ಗಮನಿಸಲಿಲ್ಲ, ಆದ್ದರಿಂದ ನೀನು ಅಡುಗೆಯವನಲ್ಲ” ಎಂದ ಹಾಗಾಯಿತು.

ಹುಡುಗಿ ಜಗಳವಾಡಲಿಲ್ಲ. ಸೂಜಿ ತೆಗೆದಳು. ಅಂಗಳಕ್ಕೆ ಹೋಗಿ ಮರದ ಕೆಳಗೆ ನಿಂತಳು. ಕೈ ದುಂಡಗೆ.

ಇಷ್ಟಕ್ಕೇ ಮುಗಿದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮಾರನೆಯ ಮಧ್ಯಾಹ್ನ ಊಟವಾದ ಮೇಲೆ ಯಾನ್ ಕೆಮ್ಮಿದರು. “ಷಿಯಾವ್‌ಮಾನ್, ನಿಂಗೆ ಅಭ್ಯಾಸ ಸಾಲದು. ಬಾ, ನನ್ ಮಣಿಕಟ್ಟಿನ ಮೇಲೆ ಅಭ್ಯಾಸ ಮಾಡು.” ಮಲಗಿದರು. ಗೊರಕೆ. ಎದ್ದರು. “ಊಹ್ಞೂಂ, ಬಂದಿಲ್ಲ. ನಾಳೆ ನೋಡೋಣ.” ಮಾರನೆಯ ದಿನ ಮತ್ತೆ ಅದೇ. ಅದರ ಮಾರನೆಯ ದಿನವೂ. ಬೇಸಿಗೆ ಹೋಯಿತು, ಮಳೆ ಹೋಯಿತು, ಚಂದ್ರನ ಹಬ್ಬ ಹೋಯಿತು. ಮುಖಕ್ಕೆ ಬಣ್ಣ ಬಂತು, ಕೊರಳಪಟ್ಟಿ ಬಿಗಿಯಾಯಿತು. ಈ ಟಾಂಗ್ ಅಕ್ಕನೇ ಕೇಳಿದಳು: “ಏನ್ ಮಾಸ್ತರೇ, ಹೊಸ ಮದುವೆ ಏನಾದ್ರೂ?” ದಿನಾ ನಿದ್ದೆ, ದಿನಾ “ಬಂದಿಲ್ಲ.”

ಅದು ಶಿಸ್ತೋ, ಕಳ್ಳತನವೋ? ನನಗೆ ಗೊತ್ತಿಲ್ಲ ಸ್ವಾಮಿ. ನಿಯಮ ಬಿಡಲಾರದ ಹಟವೋ, ಅಥವಾ “ಬಂತು” ಎಂದುಬಿಟ್ಟರೆ ಹುಡುಗಿ ಮೇಜಿಗೆ ಕೂರುತ್ತಾಳೆ, ರೋಗಿಗಳ ಸಾಲು ಬರುತ್ತದೆ, ತನ್ನ ಮಧ್ಯಾಹ್ನದ ನಿದ್ದೆ ಹೋಗುತ್ತದೆ ಎಂಬ ಆಸೆಯೋ? ಒಂದು ದಿನ ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಯಾನ್ ಹೇಳಿದರು: “ಮುಂದಿನ ಛಿಂಗ್‌ಮಿಂಗ್‌ಗೆ ಮತ್ತೆ ಮಲಗ್ತೀನಿ. ಆಗ ಎಚ್ಚರವಾಗಿರೋಕೆ ಪ್ರಯತ್ನ ಮಾಡ್ತೀನಿ.”

ಪ್ರಯತ್ನ ಮಾಡುತ್ತಾರಂತೆ. ಚಳಿ ಶುರುವಾಗುತ್ತಿದ್ದ ಹಾಗೆ, ಒಂದು ಬೆಳಿಗ್ಗೆ, ಚಹಾ ಬಟ್ಟಲು ಕೈಯಲ್ಲಿರುವಾಗಲೇ ಹೊರಟುಹೋದರು. ಒಂದು ಮಾತು ಹೇಳದೆ. ಒಂದು ಬಟ್ಟಲು ಬಗ್ಗಿಸದೆ.

ಅದರ ಫಲ ನೋಡಿ. ಇವತ್ತು ಮುಂಜಾನೆ ಷಿಯಾವ್‌ಮಾನ್ ಮಾಸ್ತರರ ಸೂಜಿಯ ಕಟ್ಟನ್ನು ತಂದು ಪಿಂಗ್ ಕೈಗೆ ಒಪ್ಪಿಸಿದ್ದಾಳೆ. ನಾಳೆ ಬಸ್ಸಿಗೆ ಚೆಂಗ್ದುವಿಗೆ ಹೊರಟಿದ್ದಾಳೆ, ಯಾವುದೋ ಕಾಲು ಒತ್ತುವ ಅಂಗಡಿಗೆ. ಯಾಕಮ್ಮ ಎಂದು ಕೇಳಿದೆ. “ಯಾರ್ ಬರ್ತಾರೆ ಪು ಮಾವ ನನ್ ಹತ್ರ? ಮಾಸ್ತರ್‍ರೇ ಒಪ್ಪಲಿಲ್ಲ ಅಂತ ಊರಿಗೆಲ್ಲ ಗೊತ್ತು” ಎಂದಳು. ಸುಳ್ಳೇ? ಟಾಂಗ್ ಅಕ್ಕ, ನೀನೇ ಅಲ್ಲವೇ ಮೊನ್ನೆ ಬಾಗಿಲಲ್ಲಿ ನಿಂತು, “ಗುರು ಒಪ್ಪದ ಕೈಗೆ ನನ್ ಮಂಡಿ ಕೊಡಲ್ಲ” ಎಂದಿದ್ದು? ಆ ಮಂಡಿ ಎಳೆದುಕೊಂಡು ಮನೆಗೆ ಹೋದೆ. ಈಗಲೂ ನೋಯುತ್ತಿದೆ, ಕಾಲು ಚಾಚಿ ಕುಳಿತಿದ್ದೀಯ, ನನಗೆ ಕಾಣುತ್ತಿದೆ.

ನಾಳೆ ಈ ಹುಡುಗಿ ಬಸ್ಸು ಹತ್ತಿದರೆ ಪರದೆಯಾಚೆ ಖಾಲಿ. ಕು ಸಂನ್ಯಾಸಿಯಿಂದ ಯಾನ್‌ಗೆ ಬಂದದ್ದು ಆ ಬಸ್ಸಿನ ಕಿಟಕಿಯಲ್ಲಿ ಹೋಗುತ್ತದೆ. ನಾನು ಬೇರು ತೂಗುತ್ತಾ ಕೂರುತ್ತೇನೆ, ನೀವು ಮಂಡಿ ಹಿಡಿದುಕೊಂಡು ಕೂರುತ್ತೀರಿ. ಒಂದು ಮಾತಿಗಾಗಿ! ನಿದ್ದೆ ಹೋಗಿದ್ದ ಮನುಷ್ಯ ಹೇಳದೆ ಉಳಿದ ಒಂದು ಮಾತಿಗಾಗಿ!

ಏನು? — ಪಿಂಗ್ ಏನೋ ಹೇಳುತ್ತಿದ್ದಾಳೆ. ಜೋರಾಗಿ ಹೇಳಮ್ಮ. —

ಕೇಳಿಸಿತೇ ಎಲ್ಲರಿಗೂ? ಹಿಂದಿನವರಿಗಾಗಿ ನಾನೇ ಹೇಳುತ್ತೇನೆ. “ಈ ವರ್ಷ ನಮ್ಮಪ್ಪ ಫೋನ್ ಮಾಡಿದಾಗೆಲ್ಲ, ಇವತ್ತು ನಿಮ್ಮಮ್ಮ ಕನಸಲ್ಲಿ ಬಂದಿದ್ಳು ಅಂತಿದ್ರು. ಯಾಕೆ ಬರ್ತಿದ್ಳು, ಯಾವಾಗ ಮಲಗ್ತಿದ್ರು ಅಂತ ನಂಗೆ ಇವತ್ತೇ ಗೊತ್ತಾಗಿದ್ದು” ಎನ್ನುತ್ತಿದ್ದಾಳೆ.

—

ಮಗಳಿಗೆ ಹೇಳಬಹುದು. ನನಗೆ ಹೇಳಲಿಲ್ಲ. ಆ ಹುಡುಗಿಗೆ ಹೇಳಲಿಲ್ಲ. ನೋಡು ಯಾನ್, ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡ. ಇನ್ನೂ ಜಾಸ್ತಿಯಾಯಿತು.

ಸರಿ. ಮಲಗಿದ್ದವನು ಸಾಕ್ಷಿ ಹೇಳಲಾರ, ಒಪ್ಪಿದೆ. ಆದರೆ ನಾನು ಎಚ್ಚರವಿದ್ದೆ. ದಿನಾ ಮಧ್ಯಾಹ್ನ ಪರದೆಯ ಈಚೆ ಕಣ್ಣು ಬಿಟ್ಟುಕೊಂಡು ಇದ್ದವನು ನಾನು. ನನ್ನ ಬೋರೆ ಬೀಜಗಳು ಸೋತ ಜಾಗದಲ್ಲಿ ಅವಳ ಒಂದು ಸೂಜಿ ಗೆದ್ದದ್ದನ್ನು ಹೊಟ್ಟೆಕಿಚ್ಚು ಪಟ್ಟುಕೊಂಡು ನೋಡಿದವನು. ಈ ಸಭೆಯಲ್ಲಿ ನಾನು ಸಾಕ್ಷಿ ಹೇಳುತ್ತೇನೆ: ಬಂದಿತ್ತು. ದಿನಾ ಬಂದಿತ್ತು.

ನನ್ನ ಮಾತು ಸಾಲದು ಅನ್ನುತ್ತೀರಿ. ಗೊತ್ತು. ಗಿಡಮೂಲಿಕೆಯವನ ಮಾತಿಗೆ ಸೂಜಿಯವರ ಪದ್ಧತಿಯಲ್ಲಿ ಬೆಲೆ ಇಲ್ಲ. ಮೈಯಲ್ಲಿ ಕಂಡವನೇ ಹೇಳಬೇಕು.

ಷಿಯಾವ್‌ಮಾನ್, ಬಾ ಇಲ್ಲಿ. ಪಿಂಗ್, ಆ ಕಟ್ಟನ್ನು ಅವಳ ಕೈಗೆ ಕೊಡು. — ಬಾ ಅಂದೆನಲ್ಲ! ಗುರು ಇಲ್ಲದಿದ್ದರೆ ಗುರುವಿನ ಪರದೆಯ ಈಚೆ ಇದ್ದವನು ಮಲಗಬಹುದು. ಬೇಡ ಎನ್ನುವವರು ಯಾರಾದರೂ ಇದ್ದರೆ ಈಗಲೇ ಎದ್ದು ಹೇಳಿ. ಹಿರಿಯರೇ? ಟಾಂಗ್ ಅಕ್ಕ? — ಇಲ್ಲ. ಒಳ್ಳೆಯದು.

ಯಾನ್ ಹೋದಂದಿನಿಂದ ನನಗೂ ನಿದ್ದೆ ಇಲ್ಲ. ನನ್ನ ಕಷಾಯ ನಾನೇ ಕುಡಿದೆ. ಈಗ ಗೊತ್ತಾಯಿತು, ಆ ಮುದುಕ “ಚೆನ್ನಾಗಿದೆ” ಎಂದದ್ದು ಬರೀ ದಾಕ್ಷಿಣ್ಯಕ್ಕೆ. ಬಾಯಿಗಿಡಲಾಗದ ಕಹಿ!

ಇಗೋ ಅಂಗಿಯ ತೋಳು ಮಡಚಿದೆ. — ಏನು? “ಕೂತ್ಕೊಳಿ ಪು ಮಾವ, ನಿಂತವ್ರಿಗೆ ಚುಚ್ಚಬಾರ್ದು, ತಲೆ ಸುತ್ತುತ್ತೆ” ಎನ್ನುತ್ತಿದ್ದಾಳೆ. ಕೇಳಿದಿರಾ, ಈಗಲೇ ವೈದ್ಯರ ಹಾಗೆ ಗದರಿಸುತ್ತಾಳೆ! ಸರಿ, ಕುರ್ಚಿ ತನ್ನಿ. ಸೂಜಿಯ ಹೆದರಿಕೆ ನನ್ನದು. ನಿನ್ನದಲ್ಲ ತಾನೇ? ನಿನ್ನದಲ್ಲ. ಅದೇ ಸಾಕು. ಜಾಗ ನಾನು ಹೇಳುವುದಿಲ್ಲ. ನೀನೇ ಹುಡುಕು.

ನೀವೆಲ್ಲ ದಯವಿಟ್ಟು ಏಳಿ. ಮಾಜಾಂಗ್ ಮೇಜಿನವರೂ ಏಳಿ. ಟಾಂಗ್ ಅಕ್ಕ, ಪಕ್ಕದವರ ಭುಜ ಹಿಡಿದು ನಿಂತುಕೊ. ಕಚೇರಿಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ಬೇಡ. ಯಾನ್ ಕಲಿಸಿದ ಹಾಗೆ ನಿಲ್ಲಿ. ಮಂಡಿ ಸಡಿಲ ಬಿಡಿ. ನಾಲಗೆ ಅಂಗುಳಕ್ಕೆ ತಾಗಲಿ, ಆಗ ಮಾತು ತಾನಾಗಿ ನಿಲ್ಲುತ್ತದೆ. ಕೈ ದುಂಡಗೆ, ಎದೆಯ ಮುಂದೆ. ಜಾಡಿ ಖಾಲಿ ಇದೆ, ತಬ್ಬಿಕೊಳ್ಳಿ.

ಹೀಗೆಯೇ ಮೌನವಾಗಿ ನಿಂತಿರಿ. ನಾನು “ಬಂತು” ಎನ್ನುವವರೆಗೆ ಯಾರೂ ಕೂರಬೇಡಿ.

ಅಕಸ್ಮಾತ್ ನಾನು ಏನೂ ಹೇಳದೆ ನಿದ್ದೆ ಹೋದರೆ — ಎಬ್ಬಿಸಬೇಡಿ. ಟಾಂಗ್ ಅಕ್ಕ, ಆಗ ನೀನೇ ಸದ್ದಿಲ್ಲದೆ ಆ ಹುಡುಗಿಗೆ ಚಹಾ ಬಗ್ಗಿಸು.